ಕೊಕ್ಕರೆಗಳು ಸೋತ ವರ್ಷ

ಇದು ನಿಜವಾಗಿ ನಡೆದದ್ದು. ಓಡುವವರ ಆಟದ ಕಥೆಯಾದರೂ ನಡೆದದ್ದೇ. ಅದೂ ಓಡಲಾರದೆ ಬಿದ್ದವರದ್ದು. ನಂಬದವರು ಬಹರೈನಿನ ಜುಫೇರಿನಲ್ಲಿ ಅಮೆರಿಕನ್ ನೌಕಾಪಡೆಯ ಗೇಟಿನ ಎದುರು ಗಲ್ಲಿಯಲ್ಲಿರುವ ಇದಿನಬ್ಬರ ಟೈಲರಿಂಗ್ ಅಂಗಡಿಗೆ ಹೋಗಿ ವಿಚಾರಿಸಬಹುದು. ಹಾಗೆ ಹೋದವರು ಒಂದು ಪ್ಯಾಂಟನ್ನಾದರೂ ಗಿಡ್ಡ ಮಾಡಿಸಿಕೊಳ್ಳದೆ ಹೊರಗೆ ಬರುವುದಿಲ್ಲ, ಆ ಮಾತು ಬೇರೆ.

ಆ ಅಂಗಡಿಯಲ್ಲಿ ಹೊಲಿಯುವ ಕುಸುಮಾವತಿಗೆ ಎಚ್ಚರವಾದಾಗ ಫೋನು ದಿಂಬಿನ ಕೆಳಗೆ ಬೆಚ್ಚಗಿತ್ತು, ಅವಳ ಕೆನ್ನೆಯ ಬಿಸಿಯೋ ಅದರದ್ದೇ ಬಿಸಿಯೋ ತಿಳಿಯದ ಹಾಗೆ. ಅದು ರಿಂಗಾಗಿರಲಿಲ್ಲ. ರಿಂಗಾಗಿ ನಿಂತ ಗುರುತೂ ಪರದೆಯ ಮೇಲೆ ಇರಲಿಲ್ಲ. ಶುಕ್ರವಾರ, ರಜೆ; ಹೂರಾದ ಕಟ್ಟಡಗಳು ಒಂದಕ್ಕೊಂದು ಬೆನ್ನು ಕೊಟ್ಟು ಇನ್ನೂ ಮಲಗಿದ್ದವು, ಏಸಿಗಳು ಮಾತ್ರ ಗೊರಕೆ ಹೊಡೆಯುತ್ತಿದ್ದವು. ಭೂಮಿಯ ಆಚೆ ಮಗ್ಗುಲಲ್ಲಿ ಇನ್ನೂ ಗುರುವಾರವೇ ಮುಗಿದಿಲ್ಲ. ಅಲ್ಲಿ ದೊಡ್ಡ ದೀಪಗಳ ಕೆಳಗೆ ಕೊಕ್ಕರೆಗಳು ಆಡುತ್ತಿರಬೇಕು, ಅಥವಾ ಆಡಿ ಮುಗಿಸಿರಬೇಕು. ನೋಡಬಹುದಿತ್ತು. ಬೆರಳಿನಿಂದ ಎರಡು ಸಲ ಒತ್ತಿದರೆ ಅಂಕ ಕಾಣುತ್ತದೆ. ಆದರೆ ಸಂಜೆಯವರೆಗೆ ನೋಡಬಾರದು ಎಂದು ಅವಳೇ ಒಂದು ಕಟ್ಟಳೆ ಮಾಡಿಕೊಂಡಿದ್ದಳು. ಸೋತದ್ದು ಬೆಳಿಗ್ಗೆಯೇ ಗೊತ್ತಾದರೆ ಆ ಇಡೀ ದಿನ ಬರಿಯ ದಿನವಾಗಿಬಿಡುತ್ತದೆ. ಗೊತ್ತಿಲ್ಲದಿದ್ದರೆ ಸಂಜೆಯ ತನಕ ಫೋನಿಗೆ ಒಂದು ತೂಕವಿರುತ್ತದೆ. ಈ ವರ್ಷಕ್ಕೆ ಇನ್ನು ಉಳಿದಿರುವುದು ಎರಡೇ ಆಟ, ಇದೂ ಮತ್ತೊಂದೂ. ಆ ಮತ್ತೊಂದು ಚಾಂಪಿಯನ್ನರ ಮೇಲೆ, ಅದರ ಆಸೆ ಅವಳಿಗೂ ಇಲ್ಲ. ಇವತ್ತಿನದು ಇವರಷ್ಟೇ ಕೈಲಾಗದ ಇನ್ನೊಂದು ತಂಡದ ಮೇಲೆ. ಗೆದ್ದರೆ ಇವತ್ತು. ಪಕ್ಕದಲ್ಲಿ ಗಂಡ ಜಯರಾಜ ಮಗ್ಗುಲು ಬದಲಿಸಿ, ಕಣ್ಣು ಮುಚ್ಚಿಕೊಂಡೇ ಕೇಳಿದ, "ಎಂತಾಯ್ತು? ನಿನ್ನ ಹಕ್ಕಿಗಳು ಹಾರಿದ್ವಾ?"

"ನೋಡ್ಲಿಲ್ಲ."

"ನೋಡ್ಲಿಕ್ಕೆ ಎಂತ ಉಂಟು ಅದ್ರಲ್ಲಿ, ನಮ್ಮ ಸಿತ್ರಾ ಬ್ರಿಡ್ಜಿನ ಕೆಳಗೆ ನಿಂತಿರ್ತವೆ ಅಲ್ವಾ, ಹಾಗೇ," ಎಂದು ಅವನು ಮತ್ತೆ ನಿದ್ದೆಗೆ ಜಾರಿದ. ಅವನು ಸಿತ್ರಾದ ಪ್ಲಾಂಟಿನಲ್ಲಿ ಫೋರ್ಮನ್. ದಿನವೂ ಕಂಪನಿ ಬಸ್ಸಿನಲ್ಲಿ ಆ ಸೇತುವೆ ದಾಟುತ್ತಾನೆ. ನೀರು ಇಳಿದ ಹೊತ್ತಿಗೆ ಕೆಸರಿನಲ್ಲಿ ಬೂದು ಕೊಕ್ಕರೆಗಳು ಒಂದೊಂದು ಕಾಲಿನ ಮೇಲೆ, ಯಾರೋ ನಿಲ್ಲಿಸಿ ಮರೆತುಹೋದ ಹಾಗೆ ನಿಂತಿರುವುದನ್ನು ಅವಳೂ ನೋಡಿದ್ದಾಳೆ.

ಅದೊಂದು ಅಮೆರಿಕನ್ ಫುಟ್‌ಬಾಲ್ ತಂಡ, ಹೆಸರು ಹೆರನ್ಸ್. ಹೆರನ್ ಎಂದರೆ ಏನು ಎಂದು ಅವಳಿಗೆ ಗೊತ್ತಾದದ್ದು ಒಂದು ಜೆರ್ಸಿಯ ಮೇಲಿನ ಹಕ್ಕಿಯ ಕಣ್ಣು ಕಿತ್ತುಬಂದಾಗ. ಆ ಜೆರ್ಸಿಯನ್ನು ಎರಡು ಕೈಯಲ್ಲೂ ಹಿಡಿದು, ಗಾಯಗೊಂಡದ್ದನ್ನು ಡಾಕ್ಟರ ಹತ್ತಿರ ತಂದ ಹಾಗೆ, ಚೀಫ್ ಅಂಗಡಿಯೊಳಗೆ ಬಂದಿದ್ದ. ಚೀಫ್ ಎಂಬುದು ನೌಕಾಪಡೆಯ ಹುದ್ದೆ, ಹೆಸರು ಹಾಲ್ವರ್ಸನ್. ಅವನ ಎದೆಯ ಪಟ್ಟಿಯ ಮೇಲೆ ಆ ಹೆಸರನ್ನು ಹೊಲಿದವಳು ಅವಳೇ, ಆದ್ದರಿಂದ ಅದರ ಒಂದೊಂದು ಅಕ್ಷರದ ಅಗಲವೂ ಅವಳಿಗೆ ಗೊತ್ತು. ಕಟಿಂಗ್ ಮಾಡುವ ಕ್ಲೆಮೆಂಟನ ಬಾಯಲ್ಲಿ ಅದು ಹಾಲರಸ ಆಗಿತ್ತು. ಐವತ್ತು ದಾಟಿದವ, ಬಿಸಿಲಿಗೆ ಇಟ್ಟಿಗೆಯಂತೆ ಕೆಂಪಾದ ಕತ್ತು, ಸೋತ ಕಥೆಯನ್ನು ಹೇಳಿಕೊಂಡು ತಾನೇ ನಗುವ ಅಭ್ಯಾಸ. ಈ ಹಕ್ಕಿಗೆ ನಿಮ್ಮಲ್ಲಿ ಏನೆನ್ನುತ್ತಾರೆ ಎಂದು ಕೇಳಿದ. ಕೊಕ್ಕರೆ ಎಂದಳು. ಕೊಕಾರೆ ಎಂದ. ಅಂದಿನಿಂದ ಸೋಮವಾರ ಸೋಮವಾರ ಏನಾದರೊಂದು ಗುಂಡಿಯೋ ಪಟ್ಟಿಯೋ ಹಿಡಿದುಕೊಂಡು ಬಂದು, ಭಾನುವಾರ ಕೊಕಾರೆ ಹೇಗೆ ಸೋತಿತು ಎಂದು ವರದಿ ಒಪ್ಪಿಸಿ ಹೋಗುತ್ತಿದ್ದ. ನಾಲ್ಕು ಅವಕಾಶ ಕೊಡುತ್ತಾರೆ ಮ್ಯಾಮ್, ಅಷ್ಟರಲ್ಲಿ ಹತ್ತು ಗಜ ಮುಂದೆ ಹೋಗಬೇಕು. ನಮ್ಮವರು ಮೂರರಲ್ಲಿ ಹಿಂದೆ ಹೋಗಿ, ನಾಲ್ಕನೆಯದಕ್ಕೆ ಚೆಂಡನ್ನು ತಾವೇ ದೂರ ಒದ್ದು ಎದುರಾಳಿಗೆ ಕೊಟ್ಟುಬಿಡುತ್ತಾರೆ. ಇದನ್ನು ಕೇಳಿ ಅವಳಿಗೆ ನಗು ತಡೆಯಲಾಗಿರಲಿಲ್ಲ. ಆಮೇಲೆ ಒಂದು ದಿನ ಪಾತ್ರೆ ತೊಳೆಯುತ್ತಾ ಅದೇ ನೆನಪಾಗಿ, ನಗು ಬರುವ ಜಾಗದಲ್ಲಿ ಬೇರೇನೋ ಬಂದು ನಲ್ಲಿಯನ್ನು ಜೋರಾಗಿ ತಿರುಗಿಸಿದ್ದಳು.

ಆದರೆ ಅವಳನ್ನು ಹಿಡಿದದ್ದು ಅದೊಂದೂ ಅಲ್ಲ. ಒಂದು ಸಲ ಅವಳು ಮೆಷಿನ್ನಿನಿಂದ ಕೈ ತೆಗೆದು ಬೆರಳುಗಳನ್ನು ಮಡಚಿ ಬಿಡಿಸುತ್ತಿದ್ದಾಗ ಅವನು ನೋಡಿದ್ದ. ನೋವಾ, ಎಂದು ಕೇಳಿದ. ಎಲ್ಲರೂ ಕೇಳುತ್ತಾರೆ, ಇದಿನಬ್ಬರೂ ಕೇಳುತ್ತಾರೆ, ಕೇಳಿ ಮುಂದಿನ ಗಿರಾಕಿಯ ಪ್ಯಾಂಟನ್ನು ಕೊಡುತ್ತಾರೆ. ಚೀಫ್ ಕೇಳಿ ಸುಮ್ಮನೆ ನಿಂತ. ಉತ್ತರಕ್ಕೆ ಕಾದ. ಕಾಯುವುದು ಎಂದರೆ ಅದು ಎಂದು ಅವಳಿಗೆ ಅನ್ನಿಸಿತು. ಸೋಲುವ ತಂಡವನ್ನು ಅಷ್ಟು ವರ್ಷ ನೋಡಿದವನಿಗೆ ಮಾತ್ರ ಬರುವ ಕಾಯುವಿಕೆ. ಹೇಳಲೇಬೇಕಾಗಿ ಬಂದು, ಬೆಳಿಗ್ಗೆ ಸ್ವಲ್ಪ, ಆಮೇಲೆ ಸರಿಯಾಗುತ್ತದೆ ಎಂದಳು. ಹೇಳಿದ್ದಕ್ಕೆ ನಾಚಿಕೆಯಾಯಿತು, ಸೆರಗು ಸರಿದದ್ದು ತಡವಾಗಿ ಗೊತ್ತಾದ ಹಾಗೆ. ಇದರಲ್ಲಿ ತಪ್ಪೇನಿದೆ? ಏನೂ ಇಲ್ಲ. ಹಾಗಿದ್ದರೆ ಅದನ್ನು ಮನೆಯಲ್ಲಿ ಯಾಕೆ ಹೇಳಲಿಲ್ಲ? ಕೊಕ್ಕರೆಯ ಸೋಲುಗಳನ್ನೆಲ್ಲ ಹೇಳಿದಳು, ನಾಲ್ಕು ಅವಕಾಶಗಳನ್ನು ಹೇಳಿದಳು, ಅದೊಂದನ್ನು ಬಿಟ್ಟು.

ಬೆಳಗಿನ ಚಹಾ ಕುದಿಯುವಾಗಲೂ ಫೋನು ಒಲೆಯ ಪಕ್ಕದ ಕಟ್ಟೆಯ ಮೇಲೆಯೇ ಇತ್ತು. ಈ ಆಗಸ್ಟಿನಲ್ಲಿ ಚೀಫನಿಗೆ ನಿವೃತ್ತಿಯಾಗಿತ್ತು. ಕೊನೆಯ ದಿನ ಜೆರ್ಸಿ ತೆಗೆದುಕೊಂಡು ಹೋಗಲು ಬಂದವನು, ಇನ್ನು ಇವರು ಸೋಲುವುದನ್ನು ಹತ್ತಿರದಿಂದ ನೋಡುತ್ತೇನೆ, ಗೆದ್ದರೆ ಫೋನ್ ಮಾಡಿ ಹೇಳುತ್ತೇನೆ ಎಂದ. ಫೋನ್ ಬೇಡ ಚೀಫ್, ಎಂದಳು ಕುಸುಮಾವತಿ. ಹೇಳಿದ್ದು ತಾನೇ ಎಂದು ಹೇಳಿ ಮುಗಿದ ಮೇಲೆ ಗೊತ್ತಾಯಿತು. ಒಂದೇ ರಿಂಗು ಕೊಡಿ. ಕೊಟ್ಟು ಕಟ್ ಮಾಡಿ. ನಾನು ಎತ್ತುವುದಿಲ್ಲ. ನನಗೆ ಅರ್ಥವಾಗುತ್ತದೆ. ನಮ್ಮೂರ ಕಡೆ ಹೀಗೆಯೇ.

ನಮ್ಮೂರ ಕಡೆ! ಆ ಒಂದು ಮಾತಿನಲ್ಲಿ ಅವಳು ಇಡೀ ಊರನ್ನು ಅಡ್ಡ ನಿಲ್ಲಿಸಿ ಒಬ್ಬನನ್ನು ಮರೆಮಾಡಿದ್ದಳು. ಕಟಪಾಡಿಯ ಮನೆಯಲ್ಲಿ ಫೋನು ಅತ್ತೆಯ ಕಪಾಟಿನ ಮೇಲಿತ್ತು. ಮದುವೆಯಾಗಿ ತಿಂಗಳಿಗೆ ಜಯರಾಜ ಬಹರೈನಿಗೆ ಮರಳಿದ ಮೇಲೆ ಪ್ರತಿದಿನ ಬೆಳಿಗ್ಗೆ, ಅವನು ಇಲ್ಲಿ ಕಂಪನಿ ಬಸ್ಸು ಹತ್ತುವ ಮೊದಲು, ಅಲ್ಲಿ ಒಂದು ರಿಂಗು. ಎದ್ದಿದ್ದೇನೆ, ಚೆನ್ನಾಗಿದ್ದೇನೆ, ಹೊರಟೆ, ನೀನು? ಅಷ್ಟೆಲ್ಲ ಒಂದರಲ್ಲೇ. "ಓ, ಬಸ್ಸು ಬಂತು," ಎನ್ನುತ್ತಿದ್ದರು ಅತ್ತೆ, ಚಹಾ ಸೋಸುತ್ತಾ. ಒಂದು ದಿನ ಕಪಾಟಿನ ಧೂಳು ಒರೆಸುತ್ತಿದ್ದವಳ ಕೈ ತಡೆಯದೆ ರಿಸೀವರನ್ನು ಎತ್ತಿಬಿಟ್ಟಿತ್ತು. "ಎತ್ತಿದ್ಯಾಕೆ ಮಾರಾಯ್ತಿ! ಎತ್ತಿದ್ರೆ ದುಡ್ಡು ಹೋಯ್ತಲ್ಲ!" ಎಂದು ಅವನು ಕೂಗಿ ಇಟ್ಟುಬಿಟ್ಟ. ಅತ್ತೆ ನಕ್ಕರು, ಮೈದುನ ನಕ್ಕ, ಅವಳು ಎಲ್ಲರಿಗಿಂತ ಜೋರಾಗಿ ನಕ್ಕು, ಬಚ್ಚಲಿಗೆ ಹೋಗಿ ಮುಖ ತೊಳೆದಳು. ಆದರೂ ಮರುದಿನ ರಿಂಗು ಬಂತು. ಎಂದೂ ತಪ್ಪಲಿಲ್ಲ. ಆಮೇಲೆ ಅವಳಿಗೆ ವೀಸಾ ಆಯಿತು, ಇಲ್ಲಿಗೆ ಬಂದಳು, ಹೂರಾದ ಈ ಎರಡು ಕೋಣೆ, ಮಗಳು ಅಕ್ಷಿತಾ, ಅವಳ ಶಾಲೆ, ಈಗ ಅವಳ ಮಂಗಳೂರಿನ ಹಾಸ್ಟೆಲು. ಹತ್ತಿರ ಬಂದವರಿಗೆ ಯಾರು ರಿಂಗು ಕೊಡುತ್ತಾರೆ? ಹತ್ತಿರ ಬಂದದ್ದೇ ಅದು ನಿಂತುಹೋಯಿತು. ನಿಂತದ್ದು ತನಗೆ ಗೊತ್ತೇ ಆಗಿರಲಿಲ್ಲ ಎಂಬುದು ಗೊತ್ತಾದದ್ದು, ಅದನ್ನು ಇನ್ನೊಬ್ಬನಿಗೆ ಹೇಳಿಕೊಟ್ಟ ಮೇಲೆ. ಗಂಡನ ಅಳತೆಗೆ ಹೊಲಿದ ಅಂಗಿಯನ್ನು ಗಿರಾಕಿಗೆ ಕಟ್ಟಿಕೊಟ್ಟ ಹಾಗೆ. ಟೈಲರು ಮಾಡಬಾರದ ಕೆಲಸ.

ಹಾಗೆ ಈ ವರ್ಷ ಕೊಕ್ಕರೆಗಳು ಸೋಲುತ್ತಾ ಹೋದವು. ಸೋಲುವುದರಲ್ಲಿ ಎಷ್ಟು ವಿಧ! ಮೊದಲಿನಿಂದ ಕೊನೆಯ ತನಕ ಸೋತು ಸೋತರು. ಕೊನೆಯ ನಿಮಿಷದ ತನಕ ಗೆದ್ದು ಸೋತರು. ಒದ್ದ ಚೆಂಡು ಕಂಬಕ್ಕೆ ಬಡಿದು, ಒಳಗೆ ಬೀಳಲೋ ಹೊರಗೆ ಬೀಳಲೋ ಎಂದು ಯೋಚಿಸಿ, ಹೊರಗೆ ಬಿತ್ತು. ಊಟದ ಬಿಡುವಿನಲ್ಲಿ, ಅಂಗಡಿಯ ಶಟರು ಅರ್ಧ ಎಳೆದಿರುವಾಗ, ಅವಳು ಫೋನಿನಲ್ಲಿ ಆಟದ ತುಣುಕುಗಳನ್ನು ನೋಡುತ್ತಿದ್ದಳು. ಕೆಲವು ಪ್ರೇಕ್ಷಕರು ಅವಮಾನ ತಾಳದೆ, ದಿನಸಿಯ ಕಾಗದದ ಚೀಲಕ್ಕೆ ಕಣ್ಣಿನ ಜಾಗದಲ್ಲಿ ತೂತು ಮಾಡಿ ತಲೆಗೆ ಹಾಕಿಕೊಂಡು ಕೂತಿರುತ್ತಿದ್ದರು. ಸಾಲು ಸಾಲು ಚೀಲಗಳು. ಅವಳು ಚೀಲಗಳ ಕೆಳಗೆ ಕತ್ತುಗಳನ್ನು ಹುಡುಕುತ್ತಿದ್ದಳು, ಇಟ್ಟಿಗೆಯಂಥ ಒಂದು ಕತ್ತನ್ನು; ಕ್ಯಾಮರಾ ಸರಿದುಬಿಡುತ್ತಿತ್ತು. "ಅಕ್ಕಾ, ನಿಮ್ಮವರಿಗೆ ಇವತ್ತೂ ಮೀನು ಸಿಗ್ಲಿಲ್ಲ," ಎನ್ನುತ್ತಿದ್ದ ಕ್ಲೆಮೆಂಟ್ ಕತ್ತರಿ ಆಡಿಸುತ್ತಾ. "ನಮ್ಮವರು ಮುಂದಿನ ವಾರ ನೋಡು," ಎಂದರೆ, "ಯಾವ ನಮ್ಮವರು ಅಕ್ಕ? ಸಿತ್ರಾದವ್ರಾ, ಅಮೆರಿಕದವ್ರಾ?" ಗೆದ್ದರೆ ಚೀಫ್ ಫೋನ್ ಮಾಡುತ್ತಾನಂತೆ ಎಂಬುದನ್ನು ಅವಳೇ ತಮಾಷೆಗೆಂದು ಎಲ್ಲರಿಗೂ ಹೇಳಿದ್ದಳು. ತಮಾಷೆ ಮಾಡಿ ಹೇಳಿದ್ದನ್ನು ಯಾರೂ ಬಗೆದು ನೋಡುವುದಿಲ್ಲ. ಒಂದು ರಿಂಗಿನ ಮಾತು ಮಾತ್ರ ಯಾರಿಗೂ ಹೇಳಲಿಲ್ಲ.

ಇನ್ನೂ ಒಂದಿತ್ತು, ಅದನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ಜಯರಾಜ ಮಿಮಿಕ್ರಿ ಮಾಡುತ್ತಾನೆ. ಊರವರ ಸಂಘದ ಸಮಾರಂಭಗಳಲ್ಲಿ ಅವನಿಗೆ ಕೊನೆಯ ಹತ್ತು ನಿಮಿಷ ಮೀಸಲು: ಪ್ಲಾಂಟಿನ ಅರಬ್ಬಿ ಯಜಮಾನ ಅರ್ಬಾಬು, ವಿಮಾನದ ಪ್ರಕಟಣೆ, ಕೋಲ್ಡ್ ಸ್ಟೋರು ಎಂಬ ದಿನಸಿ ಅಂಗಡಿಯಲ್ಲಿ ಕೂತು ಬಾಕಿ ಕೇಳುವ ಮಲಯಾಳಿ ಕಾಕ. ಅಂಗಡಿಗೆ ಅವಳನ್ನು ಕರೆದೊಯ್ಯಲು ಬಂದಾಗ ಎರಡೇ ಸಲ ಚೀಫನನ್ನು ನೋಡಿದವನು, ಆ ಎಳೆದು ಹೇಳುವ 'ಮ್ಯಾ...ಮ್' ಅನ್ನು ಹಾಗೆಯೇ ಹಿಡಿದುಬಿಟ್ಟ. ಶುರುಮಾಡುವ ಮೊದಲು ಮೂಗಿನಿಂದ ಒಂದು ಸಣ್ಣ ಉಸಿರು ಬಿಡುತ್ತಾನೆ, ಆ ಉಸಿರೊಂದೇ ಅವನದ್ದು, ಮುಂದಿನದೆಲ್ಲ ಇನ್ನೊಬ್ಬರದ್ದು. ಚೀಫ್ ಹೋದ ಮೇಲೆ, ಮನೆಗೆ ಯಾರಾದರೂ ಬಂದಾಗ ಅವಳೇ ಹೇಳುವಳು, "ಒಮ್ಮೆ ಚೀಫನದ್ದು ಮಾಡಿ ಅಲ್ವಾ." ಅವನು ಮಾಡುವನು. ಬಂದವರು ನಗುವರು. ಅವಳು ಚಹಾದ ತಟ್ಟೆ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ, ಕಣ್ಣು ಅವನ ಮುಖದ ಮೇಲೆ ಬೀಳದ ಹಾಗೆ ನಿಂತು ಕೇಳುವಳು. ಗಂಡನ ಗಂಟಲಿನಿಂದ ಇನ್ನೊಬ್ಬನ ದನಿ ಬೇಡುವುದು, ಇದಕ್ಕೆ ಏನೆನ್ನುತ್ತಾರೆ? ಬೇಡಿದ್ದು ಆ ಇನ್ನೊಬ್ಬನನ್ನೇ? ಅವನು ಎದುರಿಗೆ ಬಂದು ನಿಂತರೆ ಒಂದು ಗುಂಡಿ ಹೊಲಿದುಕೊಡುವುದಕ್ಕಿಂತ ಹೆಚ್ಚೇನೂ ಅವಳಿಗೆ ತೋಚುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದುದು ಆ ದನಿ ಕೇಳುವ ಒಂದು ಪ್ರಶ್ನೆ, ಅದರ ಹಿಂದಿನ ಒಂದಿಷ್ಟು ಕಾಯುವಿಕೆ. ಜಯರಾಜ ಮಿಮಿಕ್ರಿಯಲ್ಲಿ ಎಲ್ಲ ಮಾಡುತ್ತಿದ್ದ, ಅದೊಂದನ್ನು ಬಿಟ್ಟು.

ಮಧ್ಯಾಹ್ನ ಜುಮ್ಮಾ ಮುಗಿಸಿ ಇದಿನಬ್ಬರೂ ಅವರ ಹೆಂಡತಿ ಕುಲ್ಸುಮ್ಮೂ ಊಟಕ್ಕೆ ಬಂದರು. ಹಿಂದೆಯೇ ಕ್ಲೆಮೆಂಟ್, ಕೈಯಲ್ಲಿ ಖರ್ಜೂರದ ಡಬ್ಬಿ. ಅವಳು ಅಂಜಲ್ ಮೀನಿನ ತುಂಡುಗಳಿಗೆ ಮಸಾಲೆ ಹಚ್ಚುತ್ತಿದ್ದಳು. ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಕೂತ ರೀತಿ ಸ್ವಲ್ಪ ವಿಚಿತ್ರವಾಗಿತ್ತು, ಆದರೆ ಅವಳ ಗಮನ ಫೋನಿನ ಮೇಲಿತ್ತು.

"ಲಿಂಬೆ ಮುಗಿದಿದೆ," ಎಂದಳು.

"ನಾನು ತರ್ತೇನೆ," ಎಂದು ಜಯರಾಜ ತಟ್ಟನೆ ಎದ್ದ. ಶುಕ್ರವಾರ ಊಟಕ್ಕೆ ಮುಂಚೆ ಸೋಫಾದಿಂದ ಅವನನ್ನು ಎಬ್ಬಿಸಲು ಕ್ರೇನು ಬೇಕು. ಬಾಗಿಲಲ್ಲಿ ಕ್ಲೆಮೆಂಟನ ಹೆಗಲು ತಟ್ಟಿ ಇಳಿದು ಹೋದ. ಅವನ ಫೋನು ಜೇಬಿನಲ್ಲಿತ್ತು. ಕೋಲ್ಡ್ ಸ್ಟೋರು ಕಟ್ಟಡದ ಕೆಳಗೇ.

ಎರಡು ತುಂಡು ಹಚ್ಚುವಷ್ಟರಲ್ಲಿ ಕಟ್ಟೆಯ ಮೇಲೆ ಫೋನು ರಿಂಗಾಯಿತು.

ಒಂದು ರಿಂಗಿಗೂ ಇನ್ನೊಂದಕ್ಕೂ ನಡುವೆ ಇಷ್ಟು ಜಾಗ ಇದೆಯೆಂದು ಅವಳಿಗೆ ಮರೆತಿತ್ತು. ಆ ಜಾಗದಲ್ಲಿ ಕಪಾಟಿತ್ತು, ಚಹಾ ಸೋಸುವ ಸದ್ದಿತ್ತು, ಕಂಬಕ್ಕೆ ಬಡಿದ ಚೆಂಡು ಒಳಗೆ ಬೀಳುತ್ತಿತ್ತು, ಸಾವಿರಾರು ಜನ ತಲೆಯಿಂದ ಚೀಲ ಕಿತ್ತೆಸೆಯುತ್ತಿದ್ದರು. ಇನ್ನು ನಿಲ್ಲಬೇಕು. ಈಗ ನಿಲ್ಲಬೇಕು. ಮಸಾಲೆಯ ಕೈ ಗಾಳಿಯಲ್ಲಿ ಹಾಗೆಯೇ ಇತ್ತು.

ಎರಡನೆಯ ರಿಂಗು ಬಂತು. ಮೂರನೆಯದು ಬಂತು.

"ಕುಸುಮಕ್ಕಾ, ನಿಮ್ಮ ಫೋನು! ಅಯ್ಯೋ, ಕೈ ಪೂರಾ ಮೆಣಸು. ನಿಲ್ಲಿ, ನಾನು ಹಿಡೀತೇನೆ," ಎಂದು ಕುಲ್ಸುಂ ಓಡಿಬಂದು ಫೋನನ್ನು ಅವಳ ಕಿವಿಗೆ ಒತ್ತಿದಳು.

ಮೊದಲು ಮೂಗಿನಿಂದ ಒಂದು ಸಣ್ಣ ಉಸಿರು. ಅದರ ಹಿಂದೆ ಕೋಲ್ಡ್ ಸ್ಟೋರಿನ ಫ್ರಿಜ್ಜಿನ ಗುಂಯ್‌ಗುಡುವಿಕೆ. ಆಮೇಲೆ, "ಮಿಸ್ ಕುಸೂಮಾ? ಹಾಲ್ವರ್ಸನ್ ಹಿಯರ್. ವೀ ವನ್, ಮ್ಯಾ...ಮ್! ಕೊಕಾರೆ ವನ್!"

ಕ್ಲೆಮೆಂಟ್ ಟವೆಲನ್ನು ಬಾಯಿಗೆ ತುರುಕಿಕೊಂಡಿದ್ದ. ಇದಿನಬ್ಬರ ಹೊಟ್ಟೆ ಕುಲುಕುತ್ತಿತ್ತು. ಅವಳ ನಾಲಗೆಯ ತುದಿಯಲ್ಲಿ ಒಂದು ಮಾತು ಬಂದು ನಿಂತಿತ್ತು: ನಾಟಕ ಸಾಕು, ಲಿಂಬೆ ತನ್ನಿ ಮೊದ್ಲು. ಒಳ್ಳೆಯ ಮಾತು. ಅಲ್ಲಿಗೆ ತಮಾಷೆ ಅವರ ಮೇಲೆಯೇ ತಿರುಗಿಬೀಳುತ್ತಿತ್ತು. ಅವಳು ಅದನ್ನು ನುಂಗಿದಳು.

"ರಿಯಲೀ, ಚೀಫ್?" ಎಂದಳು.

"ರಿಯಲೀ." ಆಚೆ ಕಡೆ ತಡವರಿಕೆ. ಗೆದ್ದೆವು ಎಂದಾದ ಮೇಲೆ ಏನು ಹೇಳುವುದೆಂದು ಮಿಮಿಕ್ರಿಯವನು ಯೋಚಿಸಿಕೊಂಡು ಬಂದಿರಲಿಲ್ಲ. ಅವಳು ಕಿರುಚುತ್ತಾಳೆ, ಕುಣಿಯುತ್ತಾಳೆ ಎಂದುಕೊಂಡಿದ್ದನೇನೋ. ಖಾಲಿ ಬಿದ್ದ ಜಾಗ ತುಂಬಲು ಆ ದನಿ ಕೇಳಿತು, "ಸೋ... ಹೌ ಆರ್ ಯೂ, ಮ್ಯಾಮ್?"

ಕೇಳಿ ಕಾಯಿತು. ಬೇರೆ ದಾರಿಯಿಲ್ಲದೆ ಕಾದದ್ದಾದರೂ ಕಾದದ್ದೇ.

"ನಾಟ್ ಗುಡ್, ಚೀಫ್," ಎಂದಳು ಕುಸುಮಾವತಿ. ತನ್ನ ಅಂಗಡಿ ಇಂಗ್ಲಿಷಿನಲ್ಲಿ, ಒಂದೊಂದೇ ಶಬ್ದವನ್ನು ಸೂಜಿಗೆ ಪೋಣಿಸಿದ ಹಾಗೆ ಹೇಳಿದಳು: ಎಡ ಭುಜ. ರಂಜಾನಿನ ಹೊತ್ತಿಗೆ ಶುರುವಾದದ್ದು. ಬಟ್ಟೆ ಒಣಗಿಸುವ ಹಗ್ಗಕ್ಕೆ ಕೈ ಏರುವುದಿಲ್ಲ, ಅದಕ್ಕೇ ಈಗ ಎಲ್ಲ ಕುರ್ಚಿಯ ಬೆನ್ನಿನ ಮೇಲೆ ಹರಡುತ್ತೇನೆ.

ಟವೆಲು ಕ್ಲೆಮೆಂಟನ ಬಾಯಿಂದ ಕೆಳಗೆ ಇಳಿಯಿತು.

"ಡಿಡ್ ಯೂ ಟೆಲ್ ಯುವರ್ ಹಸ್ಬೆಂಡ್?" ಶುರುವಾದದ್ದು ಅಮೆರಿಕದಲ್ಲಿ, 'ಹಸ್ಬೆಂಡ್' ಬರುವಷ್ಟರಲ್ಲಿ ಅದು ಕಟಪಾಡಿಗೆ ಬಂದು ಇಳಿದಿತ್ತು.

"ನೋ. ಹೀ ಇಸ್ ಗುಡ್ ಮ್ಯಾನ್, ಚೀಫ್. ಓನ್ಲಿ, ಹೀ ನಾಟ್ ಆಸ್ಕ್." ಮಸಾಲೆಯ ಬಟ್ಟಲನ್ನು ಮೊಣಕೈಯಿಂದ ಆಚೆ ಸರಿಸಿದಳು. "ಅಂಡ್ ಯೂ ಫರ್ಗಾಟ್. ಓನ್ಲಿ ಒನ್ ರಿಂಗ್, ನಾನು ಹೇಳಿದ್ದೆ ನಿಮಗೆ. ಒನ್ ರಿಂಗ್, ದೆನ್ ಕಟ್. ಬೆಳಿಗ್ಗೆ ಬಸ್ಸು ಹತ್ತುವ ಮೊದಲು."

ಯಾವ ಭಾಷೆಯಲ್ಲಿ ಹೇಳಿ ಮುಗಿಸಿದೆ ಎಂದು ಅವಳಿಗೆ ತಿಳಿಯಲಿಲ್ಲ. ಆಚೆ ಫ್ರಿಜ್ಜು ಗುಂಯ್‌ಗುಡುತ್ತಲೇ ಇತ್ತು. ಉಸಿರಿತ್ತು, ಈ ಸಲ ಮೂಗಿನದಲ್ಲ. ಆಮೇಲೆ ಕರೆ ಕಡಿದುಹೋಯಿತು.

"ಬಿದ್ರು! ಕುಸುಮಕ್ಕ ಬಿದ್ರು!" ಎಂದು ಕ್ಲೆಮೆಂಟ್ ಕಿರುಚಿದ, ಬೇಕಾದದ್ದಕ್ಕಿಂತ ಸ್ವಲ್ಪ ಜೋರಾಗಿ. "ಅದು ಜಯರಾಜಣ್ಣ ಅಕ್ಕ! ಕಾಕನ ಫೋನಿಂದ! ನಿಮ್ಮ ಕೊಕ್ಕರೆ ಬೆಳಿಗ್ಗೆಯೇ ಸೋತು ಮಲಗಿ ಆಯ್ತು!" ಇದಿನಬ್ಬರು ಕಣ್ಣೊರೆಸಿಕೊಂಡು ನಕ್ಕರು. "ಎಂಥ ಮಾತಾಡಿದ್ರಿ ಕುಸುಮಕ್ಕ ನೀವು, ಭುಜವಂತೆ, ಹಗ್ಗವಂತೆ! ನಾವೇ ನಂಬಿಬಿಟ್ಟೆವು!" ಕುಲ್ಸುಂ ಮಾತ್ರ ನಗಲಿಲ್ಲ. ಫೋನನ್ನು ಕಟ್ಟೆಯ ಮೇಲಿಟ್ಟು, ಕುರ್ಚಿಯ ಬೆನ್ನಿನ ಮೇಲೆ ಹರಡಿದ್ದ ಒದ್ದೆ ಟವೆಲುಗಳನ್ನು ನೋಡುತ್ತಾ ನಿಂತಳು. ಸೋತವು. ಇದನ್ನೂ ಸೋತವು. ಸಂಜೆಗಾಗಿ ಇಟ್ಟುಕೊಂಡಿದ್ದುದನ್ನು ಮಧ್ಯಾಹ್ನವೇ ಕಿತ್ತು ಕೈಗೆ ಕೊಟ್ಟರು. ಮೋಸ ಹೋದವರು ಮಾಡಬೇಕಾದ ಮುಖವೊಂದಿರುತ್ತದೆ, ಕುಸುಮಾವತಿ ಅದಕ್ಕಾಗಿ ಹುಡುಕಿದಳು, ಸಿಗಲಿಲ್ಲ. ತಿರುಗಿ, ಕಾದ ಎಣ್ಣೆಗೆ ಒಂದು ತುಂಡು ಬಿಟ್ಟಳು. ಅದು ಎಲ್ಲರ ಮಾತನ್ನು ಮುಚ್ಚುವಷ್ಟು ಸದ್ದು ಮಾಡಿತು.

ಜಯರಾಜ ಬರಲಿಲ್ಲ. ಮೊದಲ ಸುತ್ತಿನ ಮೀನು ಬೆಂದು ತಟ್ಟೆಗೆ ಬಂತು. "ಎಲ್ಲಿ ಹೋದ್ರು ನಮ್ಮ ಹೀರೋ?" ಎಂದು ಕ್ಲೆಮೆಂಟ್ ಕಿಟಕಿಯ ಪರದೆ ಸರಿಸಿ ಕೆಳಗೆ ಬಗ್ಗಿದ. "ಇಲ್ಲೇ ನಿಂತಿದ್ದಾರೆ ಅಕ್ಕ, ಕೋಲ್ಡ್ ಸ್ಟೋರಿನ ಎದುರು. ಗೋಡೆಗೆ ಒರಗಿ ಒಂದು ಕಾಲು ಮಡಚಿ, ಹೀಗೆ. ಕೈಯಲ್ಲಿ ಫೋನು ಹಿಡ್ಕೊಂಡು ಅದನ್ನೇ ನೋಡ್ತಾ ಇದ್ದಾರೆ. ಥೇಟ್ ನಿಮ್ಮ ಟೀಮಿನವರ ಹಾಗೆ!"

ಆಗ ಕಟ್ಟೆಯ ಮೇಲೆ ಫೋನು ರಿಂಗಾಯಿತು.

ಒಂದು ಸಲ. ಕುಲ್ಸುಮ್ಮಳ ಕೈ ಮುಂದೆ ಬಂತು. "ಬೇಡ," ಎಂದಳು ಕುಸುಮಾವತಿ. ಎಲ್ಲರೂ ಎರಡನೆಯದಕ್ಕಾಗಿ ಕಾದರು. ಎಣ್ಣೆ ಚಿಟಪಟ ಎನ್ನುತ್ತಿತ್ತು. ಎರಡನೆಯದು ಬರಲಿಲ್ಲ. ಪರದೆಯ ಮೇಲೆ ಗಂಡನ ಹೆಸರು ಸ್ವಲ್ಪ ಹೊತ್ತು ಬೆಳಗಿ ಆರಿತು.

"ಕಟ್ ಆಯ್ತಲ್ಲ! ಎಂತಂತೆ ಅಕ್ಕ?" ಎಂದ ಕ್ಲೆಮೆಂಟ್.

"ಲಿಂಬೆಹಣ್ಣು ಸಿಕ್ಕಿತಂತೆ."

"ಅಷ್ಟೆಲ್ಲ ಒಂದು ರಿಂಗಿನಲ್ಲಿ ಹೇಳಿದ್ರಾ!" ಎಂದು ಕ್ಲೆಮೆಂಟ್ ಬಿದ್ದು ಬಿದ್ದು ನಕ್ಕ, ಇದಿನಬ್ಬರು ನಕ್ಕರು, ಈ ಸಲ ಕುಲ್ಸುಮ್ಮೂ ನಕ್ಕಳು. ಆದರೆ ಮೆಣಸಿನ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು, ಕಣ್ಣಿನ ನೀರು ಒರೆಸಿಕೊಳ್ಳಲೂ ಆಗದೆ, ಬಗ್ಗಿ ಬಗ್ಗಿ ಏಳುತ್ತಾ ಅವರೆಲ್ಲರಿಗಿಂತ ಜೋರಾಗಿ ನಕ್ಕವಳು ಕುಸುಮಾವತಿ. ಕೆಳಗೆ ಗಲ್ಲಿಯಲ್ಲಿ ಒಂಟಿ ಕಾಲಿನಲ್ಲಿ ನಿಂತಿದ್ದವನು ತಲೆ ಎತ್ತಿ ಕಿಟಕಿಯತ್ತ ನೋಡಿ, ಇನ್ನೊಂದು ಕಾಲನ್ನೂ ನೆಲಕ್ಕೆ ಇಳಿಸುವಷ್ಟು ಜೋರಾಗಿ.